ಐಕಾನ್ ಮಾಡಿಸುವ ಮೊದಲು ಡಿಸೈನರಿಗೆ ಏನು ಹೇಳಬೇಕು

(ಮುಂಬೈಯ ಮಾಟುಂಗಾದಲ್ಲಿ ಸಣ್ಣ ಉದ್ದಿಮೆ ನಡೆಸುವ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೇಳುವುದಕ್ಕೆ ಸಣ್ಣದು. ಸಾಫ್ಟ್‌ವೇರಿನ ಪರದೆ ಮೇಲೆ ಬೆರಳಿಟ್ಟು ಒತ್ತುವ ಪುಟ್ಟ ಪುಟ್ಟ ಚಿತ್ರಗಳಿರುತ್ತವಲ್ಲ, ಐಕಾನ್‌ಗಳು, ಅವನ್ನು ಹೊರಗಿನ ಒಬ್ಬ ಫ್ರೀಲಾನ್ಸ್ ಡಿಸೈನರ್ ಹತ್ತಿರ ಮಾಡಿಸುವುದು ಹೇಗೆ ಅನ್ನುವುದು. ನಾನು ಮಾಡುವುದು ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್. ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಮಂದಿ ಉಡುಪಿ ಹೋಟೆಲಿನವರು. ಹಾಗಾಗಿ ಉದಾಹರಣೆಗಳೆಲ್ಲ ಹೋಟೆಲಿನವೇ. ನಿಮ್ಮದು ಟ್ರಾನ್ಸ್‌ಪೋರ್ಟ್ ಆಗಲಿ, ಕ್ಲಿನಿಕ್ ಆಗಲಿ, ಬಟ್ಟೆ ಅಂಗಡಿಯಾಗಲಿ, ಲೆಕ್ಕ ಒಂದೇ.

ಮುಂಬೈಯ ಒಂದು ಉಡುಪಿ ಹೋಟೆಲಿನ ಒಳಗೆ ಯಾರ್ಯಾರು ಇರುತ್ತಾರೆ ನೋಡಿ. ಗಲ್ಲೆಯಲ್ಲಿ ಶೆಟ್ರೋ ಅವರ ಅಳಿಯನೋ. ಅಡುಗೆಯವರು ಕುಂದಾಪುರ ಕಡೆಯವರು. ವೇಟರುಗಳಲ್ಲಿ ಒಬ್ಬ ಒಡಿಶಾದವನು, ಒಬ್ಬ ಉತ್ತರ ಪ್ರದೇಶದವನು, ಇನ್ನೊಬ್ಬ ನೇಪಾಳಿ. ಒಬ್ಬೊಬ್ಬರಿಗೆ ಒಂದೊಂದು ಲಿಪಿ ಬರುತ್ತದೆ. ಕೆಲವರಿಗೆ ಯಾವುದೂ ಸರಿಯಾಗಿ ಬರುವುದಿಲ್ಲ. ಇವರೆಲ್ಲರ ಕೈಗೂ ನಾವು ಕೊಡುವುದು ಒಂದೇ ಟ್ಯಾಬ್. ಮಧ್ಯಾಹ್ನ ಒಂದು ಗಂಟೆಯ ರಶ್‌ನಲ್ಲಿ ಯಾರೂ ಓದುತ್ತಾ ನಿಲ್ಲುವುದಿಲ್ಲ. ನೋಡುತ್ತಾರೆ, ಒತ್ತುತ್ತಾರೆ. ಚಿತ್ರ ತಪ್ಪು ತಿಳಿದರೆ ಮೂರನೇ ಟೇಬಲಿನ ದೋಸೆ ಪಾರ್ಸೆಲ್ ಆಗಿ ಕಟ್ಟಿ ಬರುತ್ತದೆ.

ಓದಲು ಬಾರದವರಿಗೆ ಚಿತ್ರದ ಮೂಲಕ ಕೆಲಸ ಮಾಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದ್ದರು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡಿ ಎತ್ತು, ಜನಸಂಘಕ್ಕೆ ದೀಪ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಎಲ್ಲ ಮನೆಯಲ್ಲಿ, ಹೊಲದಲ್ಲಿ ದಿನಾ ಕಣ್ಣಿಗೆ ಬೀಳುವ ವಸ್ತುಗಳೇ. ಆ ಚಿಹ್ನೆಗಳು ಚೆಂದ ಇದ್ದವೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ. ಗುರುತು ಹತ್ತುತ್ತದೋ ಇಲ್ಲವೋ ಅನ್ನುವುದಷ್ಟೇ ಮುಖ್ಯವಾಗಿತ್ತು.

ಈಗ ನಮ್ಮ ಕಡೆ ಏನಾಗುತ್ತದೆ ಅಂದರೆ, ಡಿಸೈನರಿಗೆ ಫೋನ್ ಮಾಡುತ್ತೇವೆ. "ಮೂವತ್ತು ಐಕಾನ್ ಬೇಕು, ಒಂದಕ್ಕೆ ಎಷ್ಟು?" ಅಂತ ಕೇಳುತ್ತೇವೆ. ಅವರು ಒಂದು ರೇಟ್ ಹೇಳುತ್ತಾರೆ, ನಾವು ಅರ್ಧಕ್ಕೆ ಕೇಳುತ್ತೇವೆ. "ಪಾರ್ಸೆಲ್‌ಗೆ ಒಂದು ಬ್ಯಾಗ್ ಹಾಕಿ, ಕ್ಯಾನ್ಸಲ್‌ಗೆ ಕಸದ ಡಬ್ಬಿ ಹಾಕಿ" ಅಂತ ಚಿತ್ರವನ್ನೂ ನಾವೇ ತೀರ್ಮಾನ ಮಾಡಿ ಹೇಳಿಬಿಡುತ್ತೇವೆ. ಆಗ ಅವರು ಬರೀ ನಾವು ಹೇಳಿದ್ದನ್ನು ಬರೆದುಕೊಡುವವರಾಗುತ್ತಾರೆ. ನಾವು ದುಡ್ಡು ಕೊಡುವುದು ಅವರ ಕೈಗೆ ಮಾತ್ರ, ತಲೆಗೆ ಅಲ್ಲ. ನನಗೆ ಇದು ತುಂಬ ನಷ್ಟದ ವ್ಯಾಪಾರ ಅನ್ನಿಸುತ್ತದೆ. ಯಾವ ಚಿತ್ರ ಅನ್ನುವುದನ್ನು ಅವರಿಗೆ ಬಿಡಿ. ಯಾವ ಕೆಲಸ, ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ, ತಪ್ಪಿದರೆ ಏನಾಗುತ್ತದೆ, ಇವಿಷ್ಟನ್ನು ನೀವು ಹೇಳಿ. ಇದು ಡಿಸೈನರಿಗೆ ಗೊತ್ತಿರುವುದಿಲ್ಲ, ನಿಮಗೆ ಮಾತ್ರ ಗೊತ್ತು.

ಅದಕ್ಕೂ ಮೊದಲು ಒಂದು ಉಳಿತಾಯದ ಮಾತು. ಎಲ್ಲ ಐಕಾನನ್ನೂ ಹೊಸದಾಗಿ ಮಾಡಿಸಬೇಡಿ. ಹುಡುಕು, ಹಿಂದೆ ಹೋಗು, ಪ್ರಿಂಟ್, ಸೆಟ್ಟಿಂಗ್, ಫೋನ್, ಕ್ಯಾಲೆಂಡರ್, ಇವೆಲ್ಲ ಆಗಲೇ ಜನರಿಗೆ ಅಭ್ಯಾಸವಾಗಿವೆ. ಗೂಗಲ್‌ನ ಮಟೀರಿಯಲ್ ಐಕಾನ್‌ಗಳು ಅಪಾಚೆ 2.0 ಲೈಸೆನ್ಸಿನಲ್ಲಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಫೆದರ್, ಟ್ಯಾಬ್ಲರ್ ಅನ್ನುವ ಸೆಟ್‌ಗಳು ಎಂಐಟಿ ಲೈಸೆನ್ಸಿನಲ್ಲಿವೆ. ಫಾಂಟ್ ಆಸಮ್‌ನ ಉಚಿತ ಐಕಾನ್‌ಗಳಿಗೆ ಮೂಲದವರ ಹೆಸರು ಹೇಳಬೇಕೆನ್ನುವ ಷರತ್ತು ಇದೆ, ಆ ಲೈಸೆನ್ಸಿನ ಹೆಸರು ಸಿಸಿ ಬೈ 4.0. ಬಳಸುವ ಮೊದಲು ಲೈಸೆನ್ಸ್ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಇವುಗಳಲ್ಲಿ ಒಂದೇ ಸೆಟ್ ಆರಿಸಿಕೊಳ್ಳಿ. ಎರಡು ಮೂರು ಸೆಟ್ ಬೆರೆಸಿದರೆ ಒಂದರ ಗೆರೆ ದಪ್ಪ, ಇನ್ನೊಂದರದ್ದು ಸಪೂರ, ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಕಿರಿಕಿರಿ ಆಗುತ್ತದೆ.

ಆಮೇಲೆ ಉಳಿಯುವುದು ನಿಮ್ಮ ಧಂದೆಗೆ ಮಾತ್ರ ಸೇರಿದ ಕೆಲಸಗಳು. ನಮ್ಮಲ್ಲಿ ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಕಳಿಸುವುದು, ಟೇಬಲ್ ಶಿಫ್ಟ್, ಬಿಲ್ ಒಡೆಯುವುದು, ಪಾರ್ಸೆಲ್, ಜೈನ್, ಸೆಟಲ್ (ಬಿಲ್ಲಿನ ಹಣ ಪಡೆದು ಮುಗಿಸುವುದು). ಇಂಥವಕ್ಕೆ ರೆಡಿ ಸೆಟ್‌ನಲ್ಲಿ ಸರಿಯಾದ್ದು ಸಿಗುವುದಿಲ್ಲ. ದುಡ್ಡು ಖರ್ಚು ಮಾಡಬೇಕಾದ್ದು ಇಲ್ಲಿ. ಹೊಸ ಐಕಾನ್‌ಗಳು ನೀವು ಆರಿಸಿದ ಉಚಿತ ಸೆಟ್‌ನ ಅಳತೆಗೆ ಹೊಂದಬೇಕು ಅಂತ ಮೊದಲೇ ಹೇಳಿಬಿಡಿ. ಎಷ್ಟು ಚೌಕದ ಜಾಗ, ಗೆರೆ ಎಷ್ಟು ದಪ್ಪ, ಮೂಲೆ ಎಷ್ಟು ದುಂಡು, ಎಲ್ಲ ಒಂದೇ ಇರಬೇಕು.

ಈ ಕೆಲಸಗಳ ಪಟ್ಟಿಯನ್ನು ಬರೆಯುವುದರಲ್ಲೇ ಅರ್ಧ ಸಾಫ್ಟ್‌ವೇರ್ ತಿದ್ದಿಹೋಗುತ್ತದೆ. ಒಂದು ಉದಾಹರಣೆ. "ಕ್ಯಾನ್ಸಲ್" ಅಂತ ಒಂದು ಸಾಲು ಬರೆದಿರಿ ಅಂತಿಟ್ಟುಕೊಳ್ಳಿ. ಗಲ್ಲೆಯವರ ಹತ್ತಿರ ಕೂತು ಮಾತಾಡಿದರೆ ಅದು ಎರಡು ಬೇರೆ ಕೆಲಸ ಅಂತ ಗೊತ್ತಾಗುತ್ತದೆ. ವೇಟರ್ ತಪ್ಪಿ ಎರಡು ಕಾಫಿ ಒತ್ತಿದ್ದಾನೆ, ಇನ್ನೂ ಅಡುಗೆಮನೆಗೆ ಹೋಗಿಲ್ಲ, ಒಂದನ್ನು ತೆಗೆಯಬೇಕು. ಇದರಿಂದ ಯಾರಿಗೂ ನಷ್ಟ ಇಲ್ಲ. ಇನ್ನೊಂದು, ಕೆಒಟಿ ಆಗಲೇ ಒಳಗೆ ಹೋಗಿದೆ, ದೋಸೆ ಕಾವಲಿ ಮೇಲಿದೆ, ಈಗ ಗಿರಾಕಿ ಬೇಡ ಅಂದ. ಇಲ್ಲಿ ವಸ್ತು ಹಾಳು, ಲೆಕ್ಕಕ್ಕೂ ಬರಬೇಕು, ಶೆಟ್ರ ಪಿನ್ ನಂಬರೂ ಬೇಕು. ಎರಡಕ್ಕೂ ಅದೇ ಕಸದ ಡಬ್ಬಿ ಹಾಕಿದರೆ ಹುಡುಗರಿಗೆ ಎರಡೂ ಒಂದೇ ಅನ್ನಿಸುತ್ತದೆ. ಪಟ್ಟಿಯಲ್ಲಿ ಇದನ್ನು ಎರಡು ಸಾಲಾಗಿ ಬರೆದು, ಎರಡನೆಯದರ ಮುಂದೆ "ಕೈ ತಡೆಯಬೇಕು" ಅಂತ ಬರೆದರೆ ಸಾಕು. ಡಿಸೈನರಿಗೆ ಅಷ್ಟೇ ಬೇಕಾದ್ದು.

ಪಾರ್ಸೆಲ್ ಐಕಾನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮಗೆ ಕೆಲಸ ಮಾಡಿಕೊಟ್ಟವರು ಡೊಂಬಿವಲಿಯ ಒಬ್ಬ ಹೆಣ್ಣುಮಗಳು, ಮರಾಠಿಯವರು, ಮನೆಯಿಂದಲೇ ಕೆಲಸ ಮಾಡುತ್ತಾರೆ. ಪಟ್ಟಿ ಓದಿದ ಮೇಲೆ ಅವರು ಕೇಳಿದ ಮೊದಲ ಮಾತು, "ಸರ್, ನಾನು ಒಂದು ಹೊತ್ತು ನಿಮ್ಮ ಗಿರಾಕಿಯ ಹೋಟೆಲಿನಲ್ಲಿ ಕೂತು ನೋಡಬಹುದಾ? ಆ ಹೊತ್ತಿನ ದುಡ್ಡು ಬೇರೆ ಹಾಕುತ್ತೇನೆ." ನಾನು ಕೂಡಲೇ ಹೂಂ ಅಂದೆ. ಇಂಥ ಪ್ರಶ್ನೆ ಕೇಳುವವರು ಸಿಕ್ಕಿದರೆ ಬಿಡಬೇಡಿ.

ಮೊದಲು ಅವರ ಕಾಗದದಲ್ಲಿ ಇದ್ದದ್ದು ಹಿಡಿಕೆ ಇರುವ ಕಾಗದದ ಚೀಲ. ನೋಡಲು ಚೊಕ್ಕ. ಆದರೆ ವೇಟರುಗಳು ಅದನ್ನು ನೋಡಿ "ಆರ್ಡರ್" ಅಂದರು. ಯಾಕೆ ಅಂದರೆ ಫೋನಿನ ಶಾಪಿಂಗ್ ಆ್ಯಪ್‌ಗಳಲ್ಲಿ ಆ ಚೀಲ ಅಂದರೆ ನಾವು ಆರಿಸಿಟ್ಟ ಸಾಮಾನು. ಎರಡನೆಯದು ದಾರ ಕಟ್ಟಿದ ಡಬ್ಬ. ಅದನ್ನು ನೋಡಿ ಗಲ್ಲೆಯವರು "ಸ್ಟಾಕಾ? ಗೋಡೌನಾ?" ಅಂದರು. ಅದೂ ಸರಿಯೇ, ಅಕ್ಕಿ ಉದ್ದಿನ ಲೆಕ್ಕಕ್ಕೆ ಅಂಥ ಚಿತ್ರ ಅವರು ಬೇರೆ ಕಡೆ ನೋಡಿದ್ದರು.

ಆಮೇಲೆ ಡಿಸೈನರ್ ಮಧ್ಯಾಹ್ನದ ಹೊತ್ತು ಗಲ್ಲೆಯ ಪಕ್ಕ ಬಂದು ಕೂತರು. ಶೆಟ್ರು ಕಾಫಿ ಕೊಡಿಸಿದರು. ಡಿಸೈನರ್ ನೋಡಿದ್ದು ಪಾರ್ಸೆಲ್ ಕಟ್ಟುವ ಕೈಗಳನ್ನು. ಸಾಂಬಾರು ಸಣ್ಣ ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಇಡ್ಲಿಯನ್ನು ಡಬ್ಬಿಗೆ ಹಾಕುತ್ತಾರೆ. ಎಲ್ಲವನ್ನೂ ಒಂದು ಚೀಲಕ್ಕೆ ಇಳಿಸಿ, ಎರಡು ಕಿವಿಗಳನ್ನು ಎಳೆದು ಗಂಟು ಹಾಕಿ ಗಲ್ಲೆ ಮೇಲೆ ಇಡುತ್ತಾರೆ. ಮೇಲೆ ಎರಡು ಕಿವಿ, ನಡುವೆ ಗಂಟು, ಕೆಳಗೆ ದುಂಡನೆ ಹೊಟ್ಟೆ. ಅವರು ಅಲ್ಲೇ ಬಿಲ್ಲಿನ ಹಿಂದೆ ಪೆನ್ನಲ್ಲಿ ಅದನ್ನು ಗೀಚಿದರು. ಪಕ್ಕದಲ್ಲಿ ನಿಂತಿದ್ದ ಹುಡುಗ ಕೇಳದೆಯೇ "ಪಾರ್ಸೆಲ್" ಅಂದ.

ಆ ಆಕಾರದ ಗುಣ ನೋಡಿ. ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಬರೀ ಕಪ್ಪು ನೆರಳು ಮಾಡಿದರೂ ಗುರುತು ಹತ್ತುತ್ತದೆ. ಬೇರೆ ಯಾವ ಐಕಾನಿಗೂ ಎರಡು ಕಿವಿ ಇಲ್ಲ. ಸಣ್ಣ ಅಳತೆಯಲ್ಲಿ ಇದೇ ಬೇಕಾದ್ದು. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಚೀಲದ ಮೇಲೆ ನಿಷೇಧ ಬಂತಲ್ಲ, ಗಂಟು ಹಾಕುವ ಚೀಲದ ಚಿತ್ರ ಹಳೆಯದಾಗುವುದಿಲ್ವಾ ಅಂತ ನಮ್ಮ ಒಬ್ಬ ಇಂಜಿನಿಯರ್ ಕೇಳಿದ. ಒಳ್ಳೆ ಪ್ರಶ್ನೆ. ಚೀಲ ಯಾವುದರದ್ದು ಅನ್ನುವುದು ಬದಲಾಯಿತು, ಗಂಟು ಹಾಕುವ ಅಭ್ಯಾಸ ಉಳಿಯಿತು. ಫ್ಲಾಪಿ ಡಿಸ್ಕ್ ಹೋಗಿ ಎಷ್ಟು ಕಾಲವಾದರೂ ಸೇವ್ ಬಟನ್ ಮೇಲೆ ಅದು ಇನ್ನೂ ಕೂತಿದೆ, ಅಲ್ವಾ?

ಇನ್ನು ಜೈನ್. ಮುಂಬೈ ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆ. ಮಸಾಲೆ ದೋಸೆಗೆ ಆಲೂಗಡ್ಡೆ ಬದಲು ಬಾಳೆಕಾಯಿ ಪಲ್ಯ. ಈರುಳ್ಳಿಯ ಚಿತ್ರದ ಮೇಲೆ ಅಡ್ಡಗೆರೆ ಹಾಕಿದರೆ ಆಯಿತಲ್ಲ ಅಂತ ನಾವು ಅಂದುಕೊಂಡಿದ್ದೆವು. ಡಿಸೈನರ್ ಅದನ್ನೂ ಬರೆದು ತೋರಿಸಿದರು. ಸಣ್ಣದಾದಾಗ ಈರುಳ್ಳಿಯೂ ಬೆಳ್ಳುಳ್ಳಿಯೂ ಒಂದೇ ಥರ ಕಾಣುತ್ತವೆ. ಅಡ್ಡಗೆರೆ ನೋಡಿದ ಅಡುಗೆಯವರು "ಈರುಳ್ಳಿ ಖಾಲಿಯಾ?" ಅಂದರು. ಆಲೂಗಡ್ಡೆಯ ಮಾತು ಅದರಲ್ಲಿ ಬರಲೇ ಇಲ್ಲ. ಧರ್ಮದ ಚಿಹ್ನೆಯನ್ನು ಊಟದ ಬಟನ್ ಮೇಲೆ ಹಾಕುವುದು ಸರಿಯಲ್ಲ ಅಂತ ಅವರೇ ಹೇಳಿದರು, ನನಗೂ ಹಾಗೇ ಅನ್ನಿಸಿತು. ಕೊನೆಗೆ ಅವರ ಸಲಹೆ: "ಇದಕ್ಕೆ ಚಿತ್ರ ಬೇಡ. ಹೋಟೆಲಿನ ಪ್ರತಿಯೊಬ್ಬನೂ ಬಾಯಲ್ಲಿ ಜೈನ್ ಅಂತಲೇ ಹೇಳುತ್ತಾನೆ. ಅದನ್ನೇ ದಪ್ಪ ಅಕ್ಷರದಲ್ಲಿ, ಒಂದು ಚೌಕಟ್ಟಿನೊಳಗೆ ಬರೆಯಿರಿ. ಓದಲು ಬಾರದವನೂ ಆ ಚೌಕಟ್ಟಿನ ಆಕಾರ ನೆನಪಿಟ್ಟುಕೊಳ್ಳುತ್ತಾನೆ." ಹಾಗೇ ಮಾಡಿದೆವು. ಅದಕ್ಕೂ ಒಂದು ಐಕಾನಿನ ಪೂರ್ತಿ ದುಡ್ಡು ಕೊಟ್ಟೆವು. ಅವರು ಬರೆದ ಗೆರೆಗಳನ್ನಷ್ಟೇ ಲೆಕ್ಕ ಹಾಕಿದ್ದರೆ ಆ ಸಲಹೆಗೆ ಬೆಲೆಯೇ ಸಿಗುತ್ತಿರಲಿಲ್ಲ.

ಅಳತೆಯ ವಿಷಯಕ್ಕೆ ಬರೋಣ. ಡಿಸೈನರ್ ತಮ್ಮ ದೊಡ್ಡ ಮಾನಿಟರಿನಲ್ಲಿ ದೊಡ್ಡದಾಗಿ ಮಾಡಿ ಕಳಿಸಿದ ಚಿತ್ರ ನಿಮ್ಮ ಫೋನಿನಲ್ಲಿ ಚೆಂದವೇ ಕಾಣುತ್ತದೆ. ಅದನ್ನು ನೋಡಿ ಒಪ್ಪಬೇಡಿ. ಹೋಟೆಲುಗಳಲ್ಲಿ ಇರುವುದು ಕಡಿಮೆ ಬೆಲೆಯ ಹತ್ತು ಇಂಚಿನ ಟ್ಯಾಬ್. ಪರದೆಯಲ್ಲಿ 1280 ಅಡ್ಡ, 800 ಉದ್ದ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು. ಅಂಥ ಪರದೆಯಲ್ಲಿ ಆಂಡ್ರಾಯ್ಡ್‌ನ ಮಾಮೂಲಿ ಐಕಾನ್ 24 ಚುಕ್ಕೆ ಅಗಲ, 24 ಚುಕ್ಕೆ ಎತ್ತರ. ಅಷ್ಟೇ ಜಾಗ. ಸುತ್ತ ಎರಡೆರಡು ಚುಕ್ಕೆ ಖಾಲಿ ಬಿಟ್ಟರೆ ಬರೆಯಲು ಉಳಿಯುವುದು 20. ಗೆರೆ ಎರಡು ಚುಕ್ಕೆ ದಪ್ಪ ಇದ್ದು, ಚುಕ್ಕೆಗಳ ಸಾಲಿಗೆ ಸರಿಯಾಗಿ ಕೂತರೆ ಚೊಕ್ಕ ಕಾಣುತ್ತದೆ. ಅರ್ಧ ಚುಕ್ಕೆ ಆಚೀಚೆ ಸರಿದರೆ ಕಂಪ್ಯೂಟರ್ ಎರಡೂ ಬದಿಗೆ ಬೂದು ಬಣ್ಣ ತುಂಬುತ್ತದೆ. ಆಗ ಮಸುಕು. "ಯಾಕೋ ನಿಮ್ಮ ಸಾಫ್ಟ್‌ವೇರ್ ಮಬ್ಬು ಮಬ್ಬು" ಅಂತ ಗಿರಾಕಿ ಹೇಳಿದರೆ ಎಷ್ಟೋ ಸಲ ಕಾರಣ ಇದೇ.

ನಮ್ಮದರಲ್ಲಿ ಇನ್ನೂ ಕಷ್ಟದ ಜಾಗ ಒಂದಿತ್ತು, ಕೆಒಟಿ ಚೀಟಿ. ಪಾರ್ಸೆಲ್ ಗುರುತು ಅದರ ಮೇಲೂ ಬೀಳಬೇಕು, ಅಡುಗೆಯವರು ದೂರದಿಂದ ನೋಡಿ ತಿಳಿಯಬೇಕು. ಥರ್ಮಲ್ ಪ್ರಿಂಟರಿಗೆ ಗೊತ್ತಿರುವುದು ಎರಡೇ, ಕಪ್ಪು ಮತ್ತು ಖಾಲಿ. ಬೂದು ಇಲ್ಲ, ಬಣ್ಣ ಇಲ್ಲ. ಒಂದು ಮಿಲಿಮೀಟರಿಗೆ ಎಂಟು ಚುಕ್ಕೆ. 80 ಮಿಲಿಮೀಟರ್ ಕಾಗದದ ಒಂದು ಸಾಲಿಗೆ 576 ಚುಕ್ಕೆ, 58ರ ಕಾಗದಕ್ಕೆ 384. ಹಾಗಾಗಿ ಪಾರ್ಸೆಲ್ ಐಕಾನನ್ನು ಪರದೆಗೆ ಒಂದು, ಚೀಟಿಗೆ ಒಂದು ಅಂತ ಎರಡು ರೂಪದಲ್ಲಿ ಮಾಡಿಸಿದೆವು. ಚೀಟಿಯದ್ದು ಗೆರೆ ಅಲ್ಲ, ತುಂಬಿದ ಕಪ್ಪು. ನಿಮ್ಮ ಐಕಾನ್ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಅಂತ ಮೊದಲೇ ಹೇಳದಿದ್ದರೆ ಡಿಸೈನರ್ ಪರದೆ ಒಂದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡುತ್ತಾರೆ. ಆಮೇಲೆ ಕೇಳಿದರೆ ಅದು ಹೊಸ ಕೆಲಸ, ಹೊಸ ಬಿಲ್. ಅದು ನ್ಯಾಯವೇ.

ಬರೀ ಕಪ್ಪು ಬಿಳುಪಿನಲ್ಲಿ, ಎಣಿಸಿದ ಚುಕ್ಕೆಗಳಲ್ಲಿ ಕೆಲಸ ಮಾಡಿ ಜಗತ್ತಿಗೇ ದಾರಿ ತೋರಿಸಿದವರು ಸೂಸನ್ ಕೇರ್. 1984ರಲ್ಲಿ ಬಂದ ಮೊದಲ ಮ್ಯಾಕಿಂಟಾಷ್‌ನ ಐಕಾನ್‌ಗಳು ಅವರವು. 32 ಅಡ್ಡ, 32 ಉದ್ದ, ಒಟ್ಟು 1024 ಚೌಕ. ಚೌಕದ ಗೆರೆಗಳಿರುವ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಮಾಡಿದರು. ಮೆನುವಿನಲ್ಲಿ ಕಮಾಂಡ್ ಕೀಗೆ ಒಂದು ಗುರುತು ಬೇಕಾದಾಗ ಅವರು ಚಿಹ್ನೆಗಳ ನಿಘಂಟು ತಿರುವಿ ಹಾಕಿದರು. ಸ್ವೀಡನ್‌ನಲ್ಲಿ ನೋಡತಕ್ಕ ಜಾಗ ಇಲ್ಲಿದೆ ಅಂತ ತೋರಿಸುವ ಫಲಕದ ಚಿಹ್ನೆ ಸಿಕ್ಕಿತು, ಮೂಲೆಗಳಲ್ಲಿ ನಾಲ್ಕು ಕುಣಿಕೆ ಇರುವ ಆ ಚೌಕ. ಇವತ್ತಿಗೂ ಆ್ಯಪಲ್ ಕೀಬೋರ್ಡ್ ಮೇಲೆ ಅದೇ ಇದೆ. ಬೇಕಾದ್ದು ಏನು ಅಂತ ತಿಳಿಸಿ, ಹುಡುಕುವ ಕೆಲಸವನ್ನು ಅವರಿಗೇ ಬಿಟ್ಟದ್ದರಿಂದ ಅದು ಸಿಕ್ಕಿತು. ಆಮೇಲೆ ಅವರು ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದಾಗ 1990ರ ವಿಂಡೋಸ್ 3.0ಕ್ಕೂ ಐಕಾನ್ ಮಾಡಿಕೊಟ್ಟರು. ಅಷ್ಟು ದೊಡ್ಡ ಕಂಪನಿಯೂ ಈ ಕೆಲಸಕ್ಕೆ ಹೊರಗಿನವರನ್ನು ಕರೆಯಿತು.

ಬಣ್ಣದ ಬಗ್ಗೆ ಒಂದು ಮಾತು. ಬಣ್ಣ ಒಂದರ ಮೇಲೇ ಅರ್ಥ ನಿಲ್ಲಿಸಬೇಡಿ. ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇತ್ತಲ್ಲ. ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರದ ಗುರುತನ್ನು ಚೌಕದೊಳಗಿನ ಕಂದು ತ್ರಿಕೋನ ಮಾಡಿತು. ಈಗ ಆಕಾರವೇ ಬೇರೆ. ನಿಮ್ಮ ಡಿಸೈನರಿಗೆ ಇಂಥ ಸರ್ಕಾರಿ ಚಿಹ್ನೆಗಳ ಪಟ್ಟಿಯನ್ನೂ ಕೊಡಿ. ಅವನ್ನು ಚೆಂದ ಮಾಡುತ್ತೇನೆ ಅಂತ ತಿದ್ದಬಾರದು.

ಇನ್ನು ಜನರನ್ನು ಹುಡುಕುವುದು. ಸುಮ್ನೆ ಸುಂದರ ಚಿತ್ರಗಳ ಪೋರ್ಟ್‌ಫೋಲಿಯೋ ನೋಡಿ ಮರುಳಾಗಬೇಡಿ. ಲೋಗೋ ಮಾಡುವವರು ಬೇರೆ, ಪುಸ್ತಕಕ್ಕೆ ಚಿತ್ರ ಬರೆಯುವವರು ಬೇರೆ, ಐಕಾನ್ ಮಾಡುವವರು ಬೇರೆ. "ನೀವು ಮಾಡಿದ ಒಂದು ಪೂರ್ತಿ ಸೆಟ್ ತೋರಿಸಿ, ಅದು ನಿಜವಾದ ಸಾಫ್ಟ್‌ವೇರಿನಲ್ಲಿ ಹೇಗೆ ಕಾಣುತ್ತದೆ ತೋರಿಸಿ" ಅಂತ ಕೇಳಿ. ಇಬ್ಬರು ಮೂವರನ್ನು ಆರಿಸಿ, ನಿಮ್ಮ ಪಟ್ಟಿಯ ಅತಿ ಕಷ್ಟದ ಎರಡು ಐಕಾನ್‌ಗಳನ್ನು ಮೊದಲು ಮಾಡಿಸಿ. ಅದಕ್ಕೆ ದುಡ್ಡು ಕೊಟ್ಟು ಮಾಡಿಸಿ. ಇದನ್ನು ಒತ್ತಿ ಹೇಳುತ್ತೇನೆ. "ಸ್ಯಾಂಪಲ್ ಫ್ರೀ ಮಾಡಿ, ಇಷ್ಟ ಆದರೆ ಕೆಲಸ" ಅನ್ನುವ ಪದ್ಧತಿ ನಮ್ಮಲ್ಲಿ ತುಂಬ ಇದೆ. ಶೆಟ್ರ ಹೋಟೆಲಿಗೆ ಹೋಗಿ ಊಟ ಮಾಡಿ, ರುಚಿ ಹಿಡಿಸಿದರೆ ದುಡ್ಡು ಕೊಡುತ್ತೇನೆ ಅಂದರೆ ಯಾರಾದರೂ ಒಪ್ಪುತ್ತಾರಾ?

ಸ್ಪರ್ಧೆ ಇಡುವುದೂ ಹೀಗೇ. ಹೌದು, ನಮ್ಮ ರೂಪಾಯಿ ಚಿಹ್ನೆ ಸ್ಪರ್ಧೆಯಿಂದಲೇ ಬಂತು. ಇಲ್ಲೇ ಪವಾಯಿಯ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನಲ್ಲಿ ಓದಿದ ಡಿ. ಉದಯ ಕುಮಾರ್ ಅವರ ₹ ಚಿಹ್ನೆಯನ್ನು 2010ರ ಜುಲೈ 15ರಂದು ಕೇಂದ್ರ ಸರ್ಕಾರ ಒಪ್ಪಿತು. ಅದು ಇಡೀ ದೇಶದ ಚಿಹ್ನೆ, ಎಲ್ಲರಿಗೂ ಭಾಗವಹಿಸುವ ಹಕ್ಕು ಇರಬೇಕಾದ ಕೆಲಸ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಬಟನ್‌ಗಳಿಗೆ ನೂರು ಜನರನ್ನು ಪುಕ್ಕಟೆ ದುಡಿಸುವುದು ಸರಿಯಲ್ಲ. ಅದೂ ಅಲ್ಲದೆ ಸ್ಪರ್ಧೆಗೆ ಬರೆಯುವ ಯಾರೂ ಬಂದು ಗಲ್ಲೆಯ ಪಕ್ಕ ಕೂರುವುದಿಲ್ಲ.

ರೇಟ್ ಹೇಗೆ ಮಾತಾಡಬೇಕು? ಒಂದು ಐಕಾನಿಗೆ ಇಷ್ಟು ಅಂತ ಸಮನಾಗಿ ಹಂಚಿದರೆ ಲೆಕ್ಕ ತಪ್ಪುತ್ತದೆ. ಮೊದಲ ನಾಲ್ಕೈದು ಐಕಾನ್ ಮಾಡುವಾಗಲೇ ಗೆರೆ, ಮೂಲೆ, ಆಕಾರದ ನಿಯಮಗಳೆಲ್ಲ ತೀರ್ಮಾನ ಆಗುತ್ತವೆ. ಜಾಸ್ತಿ ಸಮಯ ಹೋಗುವುದು ಅಲ್ಲಿ. ಆಮೇಲಿನವು ಬೇಗ ಆಗುತ್ತವೆ. ಹಾಗಾಗಿ ನೋಡಿ ತಿಳಿಯುವುದಕ್ಕೆ ಒಂದು ಮೊತ್ತ, ಮೊದಲ ಕಂತಿನ ಐಕಾನ್‌ಗಳಿಗೆ ಒಂದು, ಉಳಿದವಕ್ಕೆ ಒಂದು ಅಂತ ಮೂರು ಭಾಗ ಮಾಡಿ. ಒಂದು ಭಾಗದ ದುಡ್ಡು ಕೊಟ್ಟು ಮುಂದಿನದಕ್ಕೆ ಹೋಗಿ. ಎಷ್ಟು ಸಲ ತಿದ್ದುವುದು ಈ ರೇಟಿನಲ್ಲಿ ಸೇರಿದೆ ಅಂತಲೂ ಬರೆದುಕೊಳ್ಳಿ.

ಈಗ ಕಾಗದಪತ್ರ. ಇದನ್ನು ಜಾಗ್ರತೆಯಿಂದ ಕೇಳಿ. "ದುಡ್ಡು ಕೊಟ್ಟಿದ್ದೇನೆ, ಐಕಾನ್ ನನ್ನದು" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಮಾಡಿದವರೇ ಮೊದಲ ಹಕ್ಕುದಾರರು. ನಿಮ್ಮಲ್ಲಿ ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಮಾಡಿದ್ದಾದರೆ ಹಕ್ಕು ನಿಮಗೆ ಬರುತ್ತದೆ. ಫ್ರೀಲಾನ್ಸರ್ ನಿಮ್ಮ ನೌಕರ ಅಲ್ಲ. ಆದ್ದರಿಂದ ಹಕ್ಕನ್ನು ಬರಹದಲ್ಲಿ ವರ್ಗಾಯಿಸಿಕೊಳ್ಳಬೇಕು, ಅವರ ಸಹಿ ಇರಬೇಕು. ಹೇಗೆ ಬರೆಯಬೇಕು ಅಂತ 19ನೇ ಕಲಮು ಹೇಳುತ್ತದೆ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಅನ್ನುವುದೆಲ್ಲ ಬರಬೇಕು. ಕಾಲ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ತಿಳಿಯುತ್ತದೆ. ನಾಳೆ ನಿಮ್ಮ ಸಾಫ್ಟ್‌ವೇರ್ ದುಬೈಯ ಉಡುಪಿ ಹೋಟೆಲಿಗೆ ಹೋದರೆ? ಒಂದು ಪುಟ ಸಾಕು, ಒಬ್ಬ ವಕೀಲರಿಗೆ ತೋರಿಸಿ ಮಾಡಿಸಿ. ಡಿಸೈನರ್ ತಮ್ಮ ಪೋರ್ಟ್‌ಫೋಲಿಯೋದಲ್ಲಿ ಈ ಕೆಲಸವನ್ನು ತೋರಿಸಿಕೊಳ್ಳಬಹುದು ಅಂತ ಅದೇ ಪುಟದಲ್ಲಿ ಸೇರಿಸಿ. ಅವರ ಮುಂದಿನ ಕೆಲಸ ಅದರಿಂದಲೇ ಬರಬೇಕು.

ಹಣ ಕೊಡುವುದಕ್ಕೂ ಕಾನೂನು ಇದೆ. ಡಿಸೈನರ್ ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ದರೂ ಹಣ ಕೊಡುವುದು 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾವು ಗಿರಾಕಿಯಿಂದ ಬಾಕಿ ಬರಲಿಲ್ಲ ಅಂತ ಒದ್ದಾಡುತ್ತೇವೆ. ಮನೆಯಲ್ಲಿ ಒಬ್ಬರೇ ಕೂತು ದುಡಿಯುವವರನ್ನು ನಾವೂ ಹಾಗೆ ಒದ್ದಾಡಿಸಬಾರದು. ಟಿಡಿಎಸ್, ಜಿಎಸ್‌ಟಿ ವಿಷಯ ನಿಮ್ಮ ಸಿಎ ಹತ್ತಿರ ಮೊದಲೇ ಕೇಳಿ, ಕೈಗೆ ಎಷ್ಟು ಬರುತ್ತದೆ ಅಂತ ಡಿಸೈನರಿಗೂ ತಿಳಿಸಿ.

ಮೊದಲ ಕಂತು ಬಂದಾಗ ಆಫೀಸಿನವರೆಲ್ಲ ಒಂದೊಂದು ಮಾತು ಹೇಳುತ್ತಾರೆ. ಒಬ್ಬರಿಗೆ ನೀಲಿ ಬೇಕು, ಒಬ್ಬರಿಗೆ ದುಂಡಗೆ ಬೇಕು. ಅದನ್ನೆಲ್ಲ ವಾಟ್ಸಾಪಿನಲ್ಲಿ ತಳ್ಳಬೇಡಿ. ಒಬ್ಬರೇ ಮಾತಾಡಲಿ. "ಇಷ್ಟ ಆಗಲಿಲ್ಲ" ಅಂದರೆ ಡಿಸೈನರ್ ಏನು ತಿದ್ದಬೇಕು? "ಟೇಬಲ್ ಶಿಫ್ಟ್ ಐಕಾನನ್ನು ನೋಡಿ ವೇಟರ್ ಬಿಲ್ ಒಡೆಯುವುದು ಅಂದ" ಅಂತ ಹೇಳಿ, ಅವರಿಗೆ ದಾರಿ ಸಿಗುತ್ತದೆ. ಅದು ಗೊತ್ತಾಗಬೇಕಾದರೆ ಐಕಾನ್‌ಗಳನ್ನು ಬಳಸುವವರಿಗೇ ತೋರಿಸಬೇಕು. "ಇದು ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅಣ್ಣನಿಗೆ ಬೇಜಾರಾಗಬಾರದು ಅಂತ. "ನಾಲ್ಕನೇ ಟೇಬಲಿನವರು ಏಳನೇ ಟೇಬಲಿಗೆ ಹೋದರು, ಮಾಡಿ ತೋರಿಸು" ಅನ್ನಿ. ಬೆರಳು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ, ನೋಡಿ ಬರೆದುಕೊಳ್ಳಿ.

ಐಕಾನ್ ಎಷ್ಟೇ ಚೆನ್ನಾಗಿದ್ದರೂ ಕೆಳಗೆ ಒಂದು ಪದ ಇರಲಿ. ಹೊಸಬನು ಮೊದಲ ವಾರ ಪದ ಓದಿಯೋ ಕೇಳಿಯೋ ಕಲಿಯುತ್ತಾನೆ, ಆಮೇಲೆ ಚಿತ್ರ ಸಾಕು. ಈ ಪದ ಕನ್ನಡದಲ್ಲೂ ಬರುವುದಾದರೆ ಬಟನಿನ ಎತ್ತರ ಜಾಸ್ತಿ ಬೇಕು. ಇಂಗ್ಲಿಷಿಗೆ ಅಳೆದ ಜಾಗದಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. "ರದ್ದು" ಅಂತ ಬರೆದು ಕೆಳಗಿನ ದಕಾರ ಅರ್ಧ ಕಾಣದಿದ್ದರೆ ಓದುವವರಿಗೆ ಎಷ್ಟು ಬೇಸರ ಆಗುತ್ತದೆ, ಯೋಚಿಸಿ.

ಕೆಲಸ ಮುಗಿದ ಮೇಲೆ ಏನೇನು ಕೈಗೆ ಬರಬೇಕು? ಎಸ್‌ವಿಜಿ ಫೈಲುಗಳು (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದವು), ತಿದ್ದಲು ಬರುವ ಮೂಲ ಫೈಲು, ಮತ್ತು ಗೆರೆ, ಮೂಲೆ, ಅಳತೆಯ ನಿಯಮ ಬರೆದ ಒಂದು ಪುಟ. ಬರೀ ಪಿಎನ್‌ಜಿ, ಅಂದರೆ ಒಂದೇ ಅಳತೆಗೆ ಮಾಡಿದ ಚುಕ್ಕೆಗಳ ಚಿತ್ರ, ಕೊಟ್ಟರೆ ಸಾಲದು. ಫೈಲಿನ ಹೆಸರು ಕೆಲಸದ ಮೇಲೆ ಇರಲಿ. ಪಾರ್ಸೆಲ್ ಐಕಾನಿನ ಫೈಲಿಗೆ "ಪಾರ್ಸೆಲ್" ಅಂತ ಹೆಸರಿಡಿ, "ಚೀಲ" ಅಂತ ಬೇಡ. ನಾಳೆ ಚಿತ್ರ ಬದಲಾದರೂ ಹೆಸರು ಹಾಗೇ ಇರುತ್ತದೆ, ಇಂಜಿನಿಯರ್ ಕೋಡ್ ಮುಟ್ಟಬೇಕಿಲ್ಲ.

ಪ್ರಶ್ನೆ: ಈಗ ಎಐ ಇದೆಯಲ್ಲ, ಒಂದು ಸಾಲು ಬರೆದರೆ ಐಕಾನ್ ಬರುತ್ತದೆ. ಡಿಸೈನರ್ ಯಾಕೆ ಬೇಕು?

ಯೋಚನೆ ಶುರು ಮಾಡುವುದಕ್ಕೆ ಬಳಸಿ, ತಪ್ಪಿಲ್ಲ. ಆದರೆ ನೀವು "ಪಾರ್ಸೆಲ್" ಅಂತ ಬರೆದರೆ ಅದು ಕೊಡುವುದು ಊರೆಲ್ಲ ನೋಡಿದ ಡಬ್ಬವನ್ನೇ. ಗಂಟು ಹಾಕಿದ ಚೀಲ ಬೇಕು ಅಂತ ಬರೆಯಬೇಕಾದರೆ ಮೊದಲು ಯಾರಾದರೂ ಗಲ್ಲೆಯ ಪಕ್ಕ ಕೂತು ಅದನ್ನು ಕಂಡಿರಬೇಕು. ಇಪ್ಪತ್ತು ಐಕಾನ್ ಒಂದೇ ಗೆರೆಯಲ್ಲಿ, 24 ಚುಕ್ಕೆಗೆ ಸರಿಯಾಗಿ ಕೂರುವಂತೆ ತಿದ್ದುವ ಕೆಲಸ ಹೇಗೂ ಯಾರಾದರೂ ಮಾಡಬೇಕು.

ಪ್ರಶ್ನೆ: ನಮ್ಮ ಆ್ಯಪ್‌ನ ಮೇಲಿನ ಐಕಾನಿನಲ್ಲಿ ಅಂಗಡಿಯ ಪೂರ್ತಿ ಹೆಸರು ಬರಬೇಕು ಅಂತ ನಮ್ಮ ತಂದೆಯವರ ಆಸೆ. ಮಾಡಿಸಬಹುದಾ?

ಆಸೆ ಅರ್ಥವಾಗುತ್ತದೆ, ಕಷ್ಟಪಟ್ಟು ಗಳಿಸಿದ ಹೆಸರು. ಆದರೆ ಫೋನಿನಲ್ಲಿ ಐಕಾನಿನ ಕೆಳಗೆ ಹೆಸರು ಹೇಗೂ ಬರುತ್ತದೆ. ಆಂಡ್ರಾಯ್ಡ್ 8ರಿಂದ ಈಚೆಗೆ ಐಕಾನನ್ನು ಎರಡು ಪದರದಲ್ಲಿ, 108 ಅಡ್ಡ, 108 ಉದ್ದದ ಚೌಕದಲ್ಲಿ ಕೊಡಬೇಕು. ಒಂದೊಂದು ಕಂಪನಿಯ ಫೋನು ಅದನ್ನು ಒಂದೊಂದು ಆಕಾರಕ್ಕೆ ಕತ್ತರಿಸುತ್ತದೆ. ನಡುವಿನ 66 ಅಗಲದ ವೃತ್ತದೊಳಗೆ ಇದ್ದದ್ದಷ್ಟೇ ಖಂಡಿತ ಉಳಿಯುವುದು. ಅಷ್ಟರಲ್ಲಿ ಪೂರ್ತಿ ಹೆಸರು ಬರೆದರೆ ಓದಲು ಆಗುವುದಿಲ್ಲ. ಬೋರ್ಡಿನ ಮೇಲೆ ನಿಮ್ಮ ಹೆಸರಿನ ಮೊದಲ ಅಕ್ಷರ ಹೇಗೆ ಬರೆದಿದೆಯೋ ಅದನ್ನೇ ತೆಗೆದುಕೊಳ್ಳಿ. ತಂದೆಯವರಿಗೆ ಅವರ ಫೋನಿನಲ್ಲೇ ಎರಡನ್ನೂ ಹಾಕಿ ತೋರಿಸಿ.

ಪ್ರಶ್ನೆ: ಆರು ತಿಂಗಳ ಮೇಲೆ ಇನ್ನೂ ನಾಲ್ಕು ಐಕಾನ್ ಬೇಕಾದರೆ?

ಬೇಕೇ ಬೇಕಾಗುತ್ತವೆ. ಅದಕ್ಕೆ ಈಗಲೇ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಮುಂದೆ ಬಿಡಿಯಾಗಿ ಬರುವ ಐಕಾನಿಗೆ ಇಷ್ಟು ರೇಟ್, ಇಷ್ಟು ದಿನದಲ್ಲಿ, ಒಂದು ವರ್ಷದವರೆಗೆ. ಮೊದಲು ಮಾಡಿದವರ ಹತ್ತಿರವೇ ಹೋಗಿ. ಅವರಿಗೆ ಬಿಡುವಿಲ್ಲದಿದ್ದರೆ ಆ ನಿಯಮದ ಪುಟವನ್ನೂ ಮೂಲ ಫೈಲನ್ನೂ ಹೊಸಬರಿಗೆ ಕೊಡಿ, ಜೊತೆಗೆ ಹೊಸ ಕೆಲಸಗಳ ಪಟ್ಟಿ ಬರೆದು ಕೊಡಿ. ಪಟ್ಟಿ ಬರೆಯುವಾಗ ಕಂಪ್ಯೂಟರ್ ಮುಂದೆ ಕೂರಬೇಡಿ, ಹೋಟೆಲಿಗೆ ಹೋಗಿ ವೇಟರುಗಳನ್ನು ಕೇಳಿ ಬರೆಯಿರಿ.